ಮೂವರ ಸಹಿ

ಹೈದರಾಬಾದಿನ ನಾರಾಯಣಗೂಡದ ಇರಾನಿ ಚಹಾದಂಗಡಿಯಲ್ಲಿ ಹವ್ಯಾಸಿ ರೇಸಿಂಗ್ ಕ್ಲಬ್ಬಿನ ಕಾರ್ಯದರ್ಶಿಗಳ ಅಳಲು: "ಲೈಸೆನ್ಸು, ಹೆಲ್ಮೆಟ್ಟು, ರೋಲ್ ಕೇಜು ಅಂತ ನಿಯಮ ಹೇರಿದರೆ ಹುಡುಗರು ಯಾಕೆ ಸೇರ್ತಾರೆ, ರಾಯರೇ?"

"2023ರ ಫೆಬ್ರವರಿ 11ರಂದು ಹುಸೇನ್‌ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ವಿದ್ಯುತ್ ಕಾರು ರೇಸು ನಡೆಯಿತಲ್ಲ, ಅಲ್ಲಿ ನಿಯಮ ಇನ್ನೂ ಬಿಗಿ. ಆದರೂ ಜನ ಟಿಕೆಟ್ ಕೊಂಡು ಬಂದರು."

"ಅದು ಸರ್ಕಾರದ ದುಡ್ಡಿನ ಜಾತ್ರೆ! ಸರ್ಕಾರ ಬದಲಾಯಿತು, 2024ರ ರೇಸು ರದ್ದಾಯಿತು."

"ಒಪ್ಪಿದೆ. ಹುಡುಗರನ್ನು ತಡೆಯುವುದೂ ದುಡ್ಡೇ: ಟೈರಿಗೆ ದುಡ್ಡು ಬೇಕು, ಟ್ರ್ಯಾಕಿಗೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಅದಕ್ಕೆ ರೋಲ್ ಕೇಜನ್ನು ದೂರಿದರೆ ಹೇಗೆ? ಕಾರು ಮಗುಚಿದರೆ ಆ ಉಕ್ಕಿನ ಚೌಕಟ್ಟು ಪ್ರಾಣ ಉಳಿಸುತ್ತದೆ. ಹೊಸಬರು ಮೂವರು ಹಳೇ ಸದಸ್ಯರ ಸಹಿ ತರಬೇಕೆಂಬ ನಿಮ್ಮ ನಿಯಮ ಯಾರನ್ನು ಉಳಿಸುತ್ತದೆ?"

"ಕ್ಲಬ್ಬಿನ ಮರ್ಯಾದೆಯನ್ನು! ದೂರಿದ್ದರೆ ಮೂರು ಪ್ರತಿಯಲ್ಲಿ ಕೊಡಿ. ಸದಸ್ಯರ ದೂರು ಮಾತ್ರ ಸ್ವೀಕಾರ."

ಹೆಲ್ಮೆಟ್ಟು ಇರಲಿ ಸ್ವಾಮಿ, ಮೊದಲು ಆ ಸಹಿ ಕಾಲಂ ಕಿತ್ತುಹಾಕಿ.