ಹಿರಿಯರು ಆರ್ಡರ್ ಮಾಡಲಿ

ಥಾಯ್ ಊಟ ಒಬ್ಬರೇ ಕೂತು ಮಾಡುವಂಥದ್ದಲ್ಲ. ಮೇಜಿನ ನಡುವೆ ನಾಲ್ಕಾರು ಬಟ್ಟಲು ಇರಬೇಕು, ಒಬ್ಬೊಬ್ಬರ ತಟ್ಟೆಯಲ್ಲೂ ಅನ್ನ ಇರಬೇಕು. ಒಂದು ಬಟ್ಟಲಿನಿಂದ ಒಂದೆರಡು ಚಮಚ ಬಡಿಸಿಕೊಂಡು, ತಿಂದು ಮುಗಿಸಿ, ಆಮೇಲೆ ಇನ್ನೊಂದಕ್ಕೆ ಕೈ ಚಾಚಬೇಕು. ಎಲ್ಲವನ್ನೂ ಒಟ್ಟಿಗೆ ತಟ್ಟೆಯಲ್ಲಿ ಗುಡ್ಡೆ ಹಾಕಿಕೊಳ್ಳುವುದು ಅಲ್ಲಿ ಒರಟುತನ. ಕೇಳುವುದಕ್ಕೆ ಬಹಳ ಸೊಗಸಾಗಿದೆ. ಆದರೆ ಈ ಪದ್ಧತಿ ಮಾಡಿಟ್ಟವರು ನನ್ನ ಸ್ನೇಹಿತರನ್ನು ನೋಡಿರಲಿಲ್ಲ.

ನಾವು ಐದು ಜನ. ಕಾಲೇಜಿನ ದಿನಗಳಲ್ಲಿ ಒಂದೇ ಮಸಾಲೆದೋಸೆಗೆ ಐದು ಕೈ ಹಾಕಿದವರು, ಬೈ ಟೂ ಕಾಫಿ ಕುಡಿದು ಬೆಳೆದವರು. ಹಂಚಿಕೊಂಡು ತಿನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಹಮ್ಮು ನಮಗಿತ್ತು. ಇಂದಿರಾನಗರದ ಒಂದು ಥಾಯ್ ಹೋಟೆಲಿನಲ್ಲಿ ಮೆನು ಕೈಗೆ ಬಂದ ಕೂಡಲೇ ಅದು ಇಳಿಯಿತು. ವಿಜಿಗೆ ಸೀಗಡಿಯೇ ಆಗಬೇಕು. ಗಿರೀಶನಿಗೆ ಕೋಳಿ. ಸೀನ ಶುದ್ಧ ಸಸ್ಯಾಹಾರಿ. ಶೋಭಾಗೆ ತೆಂಗಿನಹಾಲು ಆಗಿಬರುವುದಿಲ್ಲ, ಹಾಗಂತ ಅವಳು ಯಾರಿಗೂ ತೊಂದರೆ ಕೊಡುವವಳಲ್ಲ. ಎಲ್ಲರಿಗೂ ಕೇಳಿಸುವ ಹಾಗೆ ನಿಟ್ಟುಸಿರು ಬಿಡುತ್ತಾಳೆ, ಅಷ್ಟೆ.

"ಎಲ್ಲರಿಗಿಂತ ದೊಡ್ಡೋನು ನಾನು. ಕೊಡಿ ಇಲ್ಲಿ" ಎಂದು ಸೀನ ಮೆನು ಕಿತ್ತುಕೊಂಡ. ದೊಡ್ಡವನು ಹೌದು, ಎಂಟು ತಿಂಗಳಿಗೆ. ಆ ಎಂಟು ತಿಂಗಳ ಬಲದಲ್ಲೇ ಅವನು ಸಿನಿಮಾ ಟಿಕೆಟ್ಟಿನಿಂದ ಹಿಡಿದು ನಮ್ಮ ಮಕ್ಕಳ ಕಾಲೇಜಿನ ತನಕ ತೀರ್ಪು ಕೊಡುತ್ತ ಬಂದಿದ್ದಾನೆ. ಥಾಯ್ಲೆಂಡಿನಲ್ಲೂ ಹಿರಿಯರೊಬ್ಬರೇ ಇಡೀ ಮೇಜಿಗೆ ಆರ್ಡರ್ ಮಾಡುವುದುಂಟು ಎಂದು ನಾನು ಬಾಯಿ ತಪ್ಪಿ ಹೇಳಿದೆ. ಅವನಿಗೆ ಆನೆಬಲ ಬಂತು.

ಸೀನ ಮೊದಲು ಮಾಡಿದ ಕೆಲಸ ವೇಟರ್ ಹುಡುಗನ ಪಾಟೀಸವಾಲು. ಅವನ ಅನುಮಾನದಲ್ಲಿ ಹುರುಳಿಲ್ಲದೆ ಇರಲಿಲ್ಲ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಮಾಡುವುದು ಫಿಶ್ ಸಾಸು. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟು ಬಸಿದ ರಸ. ಗ್ರೀನ್ ಕರಿ ಎಂಬ ಹೆಸರು ನೋಡಿ ಸೊಪ್ಪಿನ ಹುಳಿ ಅಂದುಕೊಂಡರೆ ಅದರ ಮಸಾಲೆಯೊಳಗೇ ಸೀಗಡಿ ಅರೆದು ಕೂತಿರುತ್ತದೆ.

"ವೆಜ್‌ಗೆ ಮಸಾಲೆ ಬೇರೆ ಸರ್. ಸೋಯಾ ಸಾಸೇ ಹಾಕೋದು."

"ಬಾಣಲೆ?"

"ಬೇರೆ ಸರ್."

"ಸೌಟು?"

ಹುಡುಗ ನನ್ನ ಮುಖ ನೋಡಿದ.

ಬ್ಯಾಂಕಾಕಿನಲ್ಲಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಅಲ್ಲಿ 'ಜೇ' ಎಂದು ಬರೆದ ಹಳದಿ ಬಾವುಟ ಕಂಡರೆ ಕಣ್ಣು ಮುಚ್ಚಿಕೊಂಡು ಒಳಗೆ ಹೋಗಬಹುದು. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಚೀನೀ ಮೂಲದವರ ಒಂಬತ್ತು ದಿನದ ವ್ರತದ ಊಟ ಅದು, ಬರುವುದೂ ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ. ಇಷ್ಟು ಕೇಳಿದ್ದೇ ತಡ, ಸೀನ "ನಮ್ಮೋರೇ ಕಣೋ ಹಾಗಾದ್ರೆ!" ಎಂದು ಕಣ್ಣರಳಿಸಿದ. ಥಾಯ್ ಜನರಲ್ಲಿ ಗೋತ್ರ ಕೇಳುವ ತನಕ ಹೋಗಲಿಲ್ಲ, ಪುಣ್ಯ.

ಟಾಮ್ ಯಮ್ ಸೂಪು ಬಂತು. ಹುಳಿ, ಖಾರ, ಘಮ್ಮೆನ್ನುವ ಮಜ್ಜಿಗೆಹುಲ್ಲು. ಸೂಪಿನಲ್ಲಿ ತೇಲುವ ಆ ಹುಲ್ಲಿನ ದಂಟು, ಶುಂಠಿಯ ದಾಯಾದಿಯಾದ ಗಲಂಗಲ್ ಬಿಲ್ಲೆ, ನಿಂಬೆ ಜಾತಿಯ ಗಟ್ಟಿ ಎಲೆ ಇವೆಲ್ಲ ಪರಿಮಳಕ್ಕೆ ಮಾತ್ರ. ತಿನ್ನುವಾಗ ಬದಿಗೆ ಸರಿಸಬೇಕು. ಗಿರೀಶನ ಮನೆಯಲ್ಲಿ ಬಟ್ಟಲಿಗೆ ಬಿದ್ದದ್ದನ್ನು ಬಿಡುವ ವಾಡಿಕೆ ಇಲ್ಲ. ದಂಟನ್ನು ನುಗ್ಗೆಕಾಯಿಯ ಹಾಗೆ ಹಲ್ಲಿಗೆ ಸಿಕ್ಕಿಸಿ ಎಳೆದ. ಬರಲಿಲ್ಲ. ಅಗಿದ. ಅದೂ ಆಗಲಿಲ್ಲ. "ಇನ್ನೂ ಬೆಂದಿಲ್ಲ" ಎಂದು ತೀರ್ಮಾನ ಕೊಟ್ಟ.

ಆಮೇಲೆ ಅವನು ಚಾಪ್‌ಸ್ಟಿಕ್ ಕೇಳಿ ತರಿಸಿಕೊಂಡು ಅನ್ನದ ಅಗುಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಥಾಯ್ ಜನ ಆ ಕಡ್ಡಿ ಹಿಡಿಯುವುದು ಹೆಚ್ಚಾಗಿ ನೂಡಲ್ಸಿಗೆ. ಅನ್ನಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕು ಚಮಚಕ್ಕೆ ತಳ್ಳಲು ಮಾತ್ರ, ಅದನ್ನು ಬಾಯಿಗಿಡುವುದಿಲ್ಲ. ಇದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅವನು ಹೆಕ್ಕುತ್ತಿರುವಷ್ಟು ಹೊತ್ತು ಕೋಳಿಯ ಬಟ್ಟಲು ನನ್ನ ಮತ್ತು ವಿಜಿಯ ಸುಪರ್ದಿನಲ್ಲಿತ್ತು.

ಶೋಭಾಗೆಂದು ಪಾಡ್ ಥಾಯ್ ತರಿಸಿದ್ದೆವು. ಹುಣಸೆಹುಳಿ, ಬೆಲ್ಲದ ಸಿಹಿ, ಮೇಲೆ ಕುಟ್ಟಿದ ಕಡಲೆಕಾಯಿ ಬೀಜ, ತೆಂಗಿನಹಾಲಿನ ಸೋಂಕಿಲ್ಲ. 1938ರಲ್ಲಿ ಪ್ರಧಾನಿಯಾದ ಪಿಬುನ್‌ಸೊಂಗ್‌ಕ್ರಾಮ್ ಎಂಬ ಸೇನಾಧಿಕಾರಿಯ ಸರ್ಕಾರ, ದೇಶಾಭಿಮಾನದ ಹೆಸರಿನಲ್ಲಿ ಜನರಿಗೆ ನೂಡಲ್ಸ್ ತಿನ್ನಿಸಲು ಹೊರಟಾಗ ಮನೆಮಾತಾದ ತಿಂಡಿ ಇದು. ಸರ್ಕಾರ ಹೇಳಿ ತಿನ್ನಿಸಿದ್ದು ರುಚಿಯಾಗಿಯೂ ಇರುವುದು ಅಪರೂಪ. ಶೋಭಾ ಅದನ್ನು ಎರಡು ತುತ್ತು ತಿಂದು, ಪಕ್ಕದಲ್ಲಿದ್ದ ಮಸಮನ್ ಕರಿಯನ್ನು ಎಳೆದುಕೊಂಡಳು. ಏಲಕ್ಕಿ, ಚಕ್ಕೆ, ಲವಂಗ, ಆಲೂಗಡ್ಡೆ, ಬಟ್ಟಲಿನ ತುಂಬ ತೆಂಗಿನಹಾಲು. ಬಟ್ಟಲಿನ ತಳ ಕಂಡಾಗ "ಇವತ್ತೊಂದು ದಿನ" ಎಂದಳು.

ನಮ್ಮ ಸ್ನೇಹಕ್ಕೆ ನಿಜವಾದ ಪರೀಕ್ಷೆ ಒಡ್ಡಿದ್ದು ಕಾರ್ನ್ ಕೇಕು. ಪ್ಲೇಟಿಗೆ ಆರು, ನಾವು ಐದು ಜನ. ಐದು ಹೋದವು, ಆರನೆಯದು ಉಳಿಯಿತು. "ನೀನ್ ತಗೊಳ್ಳೋ." "ಅಯ್ಯೋ, ನಂದಾಯ್ತಪ್ಪ." "ವಿಜಿ, ನೀನಾದ್ರೂ." "ಹೊಟ್ಟೇಲಿ ಜಾಗ ಇಲ್ಲ ಕಣೇ." ಹೊಟ್ಟೆಯಲ್ಲಿ ಜಾಗ ಇಲ್ಲದ ಐದೂ ಜನ ಮಾತಿನ ನಡುವೆ ಆಗಾಗ ಅದರ ಕಡೆ ನೋಡುತ್ತಿದ್ದೆವು. ಗಿರೀಶ ಸಾಸಿನ ಬಟ್ಟಲನ್ನು ಅದರ ಹತ್ತಿರಕ್ಕೆ ಸರಿಸಿದ. ಸೀನ ಪ್ಲೇಟನ್ನೇ ತಿರುಗಿಸಿಟ್ಟ. ರಾಜಕೀಯ, ರಿಯಲ್ ಎಸ್ಟೇಟು, ಮಂಡಿನೋವು ಎಲ್ಲ ಮುಗಿದರೂ ಅದು ಅಲ್ಲೇ ಇತ್ತು. ಕೊನೆಗೆ ವೇಟರ್ ಬಂದು "ಆಯ್ತಾ ಸರ್?" ಎಂದಾಗ ದಾಕ್ಷಿಣ್ಯಕ್ಕೆ ಐದೂ ತಲೆ ಆಡಿದವು. ಪ್ಲೇಟು ಅಡುಗೆಮನೆಯ ಬಾಗಿಲು ದಾಟುವ ತನಕ ಯಾರೂ ಮಾತಾಡಲಿಲ್ಲ.

ಬಿಲ್ಲು ಬಂತು. ಕೋಳಿ, ಸೀಗಡಿ ಮುಟ್ಟದವನು ಸಮಪಾಲು ಕೊಡಬೇಕೇ ಎಂಬ ಪ್ರಶ್ನೆಯನ್ನು ಸೀನ ಎತ್ತಿದ. ನಾನು ಮೆಲ್ಲಗೆ, ಥಾಯ್ಲೆಂಡಿನಲ್ಲಿ ಬಿಲ್ಲು ಕೊಡುವುದು ಕೂಡ ಸಾಮಾನ್ಯವಾಗಿ ಹಿರಿಯರೇ ಎಂದೆ.

ಸೀನ ನೀರು ಕುಡಿದ. ಆಮೇಲೆ, ಇಷ್ಟು ವರ್ಷ ಯಾರಿಗೂ ಹೇಳಿರದ ವಿಷಯವೊಂದನ್ನು ಹೇಳಿದ. ಒಂದನೇ ಕ್ಲಾಸಿಗೆ ಸೇರಿಸುವಾಗ ಅವನಿಗೆ ವಯಸ್ಸು ಸಾಲದೆ, ಹೆಡ್‌ಮೇಷ್ಟ್ರೇ ಒಂದು ವರ್ಷ ಜಾಸ್ತಿ ಮಾಡಿ ಬರೆದುಕೊಂಡಿದ್ದರಂತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿರುವುದು ಆ ತಾರೀಖಂತೆ.

"ಹಾಗಾದ್ರೆ ನಮ್ಮಲ್ಲಿ ದೊಡ್ಡೋರು ಯಾರು?" ಎಂದು ವಿಜಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ನಾಲ್ಕೂ ಮುಖ ನನ್ನ ಕಡೆ ತಿರುಗಿದವು. ವೇಟರ್ ಹುಡುಗ ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಗೌರವದಿಂದ, ನನ್ನ ಮುಂದಿಟ್ಟ.