ಸದ್ದಿಲ್ಲದ ತೋಪು

ಅಳವಂಡಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೋಡಿದವರಿಗೆ ಮೊದಲ ಮಹಾಯುದ್ಧದ ಒಂದು ಆಯುಧ ಅರ್ಧ ಅರ್ಥವಾದ ಹಾಗೆಯೇ. ಸಿಲಿಂಡರಿಗೆ ಗಾಳಿ ತುಂಬು, ಒತ್ತಡದ ಮುಳ್ಳು ನೋಡು, ವಾಲ್ವ್ ಬಿಚ್ಚು. ಟೈರಿನ ಜಾಗದಲ್ಲಿ ಕೊಳವೆ, ಕೊಳವೆಯೊಳಗೆ ಬಾಂಬು. ಅದು ಹಾರಿ ಎದುರಿನ ಕಂದಕದವನ ತಲೆ ಮೇಲೆ ಬೀಳುತ್ತದೆ.

ಆಸ್ಟ್ರಿಯಾ-ಹಂಗೇರಿಯವರ ಬಳಿ ಇಂಥ ಗಾಳಿ ಮಾರ್ಟರ್ ಇತ್ತು. ಫ್ರಾನ್ಸಿಗೆ 1916ರಲ್ಲಿ 60 ಮಿ.ಮೀ.ನದೊಂದನ್ನು ಕೊಟ್ಟವನು ಎಡ್ಗರ್ ಬ್ರಾಂಟ್. ಆಸಾಮಿ ಮೂಲದಲ್ಲಿ ಕಲೆಗಾರ ಕಮ್ಮಾರ. ಶ್ರೀಮಂತರ ಮನೆಗೆ ಕಬ್ಬಿಣದ ಗೇಟು, ಗ್ರಿಲ್ಲು ಮಾಡುತ್ತಿದ್ದವನು. ಯುದ್ಧ ಮುಗಿದ ಮೇಲೆ, 1923ರಲ್ಲಿ, ಪ್ಯಾರಿಸಿನ ಅಜ್ಞಾತ ಸೈನಿಕನ ಸಮಾಧಿಯ ಜ್ಯೋತಿಗೆ ಕಂಚಿನ ಬಾಯಿ ಮಾಡಿಕೊಟ್ಟವನೂ ಇವನೇ. ಕೊಲ್ಲುವುದಕ್ಕೂ ಸಮಾಧಿಗೂ ಆರ್ಡರ್ ಹಿಡಿದ ಕಸುಬುದಾರ!

ಮದ್ದಿನ ತೋಪು ಬೆಂಕಿ ಕಾರುತ್ತದೆ, ಹೊಗೆ ಬಿಡುತ್ತದೆ. ಎಲ್ಲಿಂದ ಬಂತೆಂದು ನೋಡಿ ಶತ್ರು ತಿರುಗಿ ಹೊಡೆಯಬಹುದು. ಗಾಳಿಯದಕ್ಕೆ ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದೂ ಕಡಿಮೆ. ಸತ್ತವನಿಗೆ ಊರು, ಹೆಸರು ಇರುತ್ತದೆ. ಹೊಡೆದವನಿಗೆ ವಿಳಾಸವೇ ಇರುವುದಿಲ್ಲ. ಮಹಾಯುದ್ಧಕ್ಕೂ ಮುಂಚೆ, 1898ರಲ್ಲಿ, ಅಮೆರಿಕದ ‘ವೆಸುವಿಯಸ್’ ಹಡಗು ಕ್ಯೂಬಾದ ಸ್ಯಾಂಟಿಯಾಗೊ ಮೇಲೆ ರಾತ್ರಿ ಹೊತ್ತು ಗಾಳಿ ತೋಪು ಹಾರಿಸಿತ್ತು. ತೋಪುಗಳನ್ನು ಹಡಗಿಗೇ ಬಿಗಿದಿದ್ದರಿಂದ ಗುರಿ ಹಿಡಿಯಲು ಇಡೀ ಹಡಗನ್ನು ತಿರುಗಿಸಬೇಕಿತ್ತು. ಹಾನಿ ಅಷ್ಟಕ್ಕಷ್ಟೆ, ದಿಗಿಲು ಮಾತ್ರ ಬಲು ಜೋರು.

ನಮ್ಮ ಕೊಪ್ಪಳ ಸೀಮೆ ಹಿಂದೆ ಕಂಡ ಶತ್ರುಗಳಿಗೆ ಮುಖವಿತ್ತು. 1947-48ರಲ್ಲಿ ಹೈದರಾಬಾದ್ ನಿಜಾಮನ ಪರವಾದ ರಜಾಕಾರರು ಬಂದರೆ ಬಂದವರು ಯಾರೆಂದು ಊರಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಅಳವಂಡಿ ಶಿವಮೂರ್ತಿ ಸ್ವಾಮಿಯವರು ನಿಜಾಮನ ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಹಾಕಿ ಎದುರು ನಿಂತರು.

ಸಿಲಿಂಡರ್ ಹೊರುವ ರಗಳೆ ಬೇಡವೆಂದು ಸೇನೆಗಳು ಗಾಳಿ ಮಾರ್ಟರ್ ಬಿಟ್ಟು ಮದ್ದಿನಿಂದ ಹಾರಿಸುವ ಸ್ಟೋಕ್ಸ್ ಮಾದರಿಯ ಮಾರ್ಟರಿಗೆ ಹೋದವು. ಅವರು ಬಿಟ್ಟದ್ದನ್ನು ನಮ್ಮ ಜಿಲ್ಲೆ ಎತ್ತಿಕೊಂಡಿದೆ. ಗಿಣಿಗೇರಿ, ಹಿರೇಬಗನಾಳದ ಕಡೆಯವರನ್ನು ಕೇಳಿ: ಚಿಮಣಿಗಳು ಹಗಲು ಸಭ್ಯ, ರಾತ್ರಿ ಶೂರ. ಬೆಳಿಗ್ಗೆ ಎದ್ದರೆ ಒಣಹಾಕಿದ ಅಂಗಿ ಕರ್ರಗೆ, ಹತ್ತಿ ಬಿಡಿಸಿದ ಬೆರಳು ಕರ್ರಗೆ. ಹೊಡೆದವರು ಯಾರು? ಈ ಕಾರ್ಖಾನೆ ಆ ಕಾರ್ಖಾನೆಯನ್ನು ತೋರಿಸುತ್ತದೆ, ಅದು ಲಾರಿಗಳನ್ನು, ಲಾರಿಯವರು ರಸ್ತೆಯನ್ನು, ರಸ್ತೆಯವರು ಗಾಳಿಯನ್ನು. ಗಾಳಿಗೆ ನೋಟಿಸ್ ಜಾರಿ ಮಾಡುವ ಕಾನೂನು ಇನ್ನೂ ಬಂದಿಲ್ಲ.

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಮಾಡಿ, ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯವರೊಂದಿಗೆ ಜನ ಬೀದಿಗಿಳಿದರು. ಕೆಮ್ಮುವವರು ಕೂಗಿದ್ದು ಬೆಂಗಳೂರಿಗೂ ಕೇಳಿಸಿತು.

ತಪಾಸಣೆಗೆ ಬರುವ ಸಾಹೇಬರಲ್ಲಿ ಒಂದೇ ವಿನಂತಿ. ಹಗಲು ಹನ್ನೊಂದಕ್ಕ ಬ್ಯಾಡ್ರಿ. ರಾತ್ರಿ ಎರಡಕ್ಕ ಬರ್ರಿ, ಬಿಳಿ ಅಂಗಿ ಹಾಕ್ಕೊಂಡು ಬರ್ರಿ.