ಮಣ್ಣಿಗೆ ಚಲೋದು, ಒಗ್ಗರಣೆಗೆ ಉಳಿದದ್ದು

“ಏನ್ ತಂಗಿ, ಮುಂಜಾನಿಂದ ಮಣ್ಣಾಗ ಕುಂತಿಯಲ್ಲ?” ಕಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಕಾಕೂ ಕೇಳಿದರು.

“ಬಳ್ಳೊಳ್ಳಿ ಹಚ್ಚಾಕತ್ತೀನ್ರಿ ಕಾಕೂ.”

“ಯಾವ್ದು ಹಚ್ಚಾಕತ್ತಿ, ತೋರ್ಸು ನೋಡೂಣು.”

ಅಂಗೈ ಚಾಚಿದೆ. ಬುಟ್ಟಿಯ ತಳದಲ್ಲಿ ಉಳಿದು, ಬಾಡಿ, ಹಗುರಾಗಿ, ಮೊಳಕೆ ಬಿಟ್ಟಿದ್ದ ಆರೇಳು ಎಸಳು. ಅಡಿಗೆಗೆ ಬಾರದ್ದು ಮಣ್ಣಿಗಾದರೂ ಆಗಲಿ ಎಂದು ತೆಗೆದಿಟ್ಟಿದ್ದೆ. ಕಾಕೂ ಒಂದೊಂದನ್ನೇ ಹಿಚುಕಿ ನೋಡಿ ತಿರುಗಿ ಕೊಟ್ಟರು. “ಇವು ಬ್ಯಾಡ. ಒಳಗ ಹೋಗಿ ಬುಟ್ಟ್ಯಾಗಿನ ದೊಡ್ಡ ಗಡ್ಡಿ ತಗೊಂಡು ಬಾ. ಮಣ್ಣಿಗೆ ಚಲೋದು ಕೊಡಬೇಕು. ಒಗ್ಗರಣಿಗೆ ಉಳಿದದ್ದು ಸಾಕು.”

ಇದು 2023ರ ದೀಪಾವಳಿಯ ಹೊತ್ತಿನ ಮಾತು. ಕಾಕೂನ ತವರು ಗದಗದ ಕಡೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನೋಡುತ್ತಲೇ ಬೆಳೆದವರು. ನಾನು ಧಾರವಾಡದ ಈ ಓಣಿಗೆ ಬಂದ ಮೇಲೆ ಹಿಂದಿನ ವರ್ಷವೂ ಒಮ್ಮೆ ಪ್ರಯತ್ನಿಸಿದ್ದೆ, ಅದೂ ಶ್ರಾವಣದ ಜಡಿ ಮಳೆಯಲ್ಲಿ. ಎಸಳೆಲ್ಲ ಕೊಳೆತು ಹೋಗಿದ್ದವು. ಅದನ್ನು ಹೇಳಿದಾಗ ಕಾಕೂ ನಮ್ಮ ಹಿತ್ತಿಲ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಲು ನೋಡಿದರು. ಪುಡಿಯಾಗಲಿಲ್ಲ.

“ಎರಿ ಮಣ್ಣು. ಹಸಿ ಇದ್ದಾಗ ಅಂಟು, ಒಣಗಿದ್ರ ಕಲ್ಲು. ಇದರಾಗ ಗಡ್ಡಿ ಹ್ಯಾಂಗ ಉಬ್ಬಬೇಕು?”

ಉಸುಕು ಒಂದು ಬುಟ್ಟಿ, ಹಳೆಯ ತಿಪ್ಪೆಗೊಬ್ಬರ ಎರಡು ಬುಟ್ಟಿ ಬೆರೆಸಿ, ನೀರು ನಿಲ್ಲದಂತೆ ಒಂದು ಗೇಣು ಎತ್ತರದ ಮಡಿ ಮಾಡಿದೆವು. ದೊಡ್ಡ ಗಡ್ಡೆ ಎರಡನ್ನು ಒಡೆದು, ಹೊರಸುತ್ತಿನ ದಪ್ಪ ಎಸಳುಗಳನ್ನೇ ಆರಿಸಿದೆವು. ಒಟ್ಟು 24. ಸಿಪ್ಪೆ ಸುಲಿಯಲಿಲ್ಲ. ಚಪ್ಪಟೆ ಬುಡ ಕೆಳಗೆ, ಚೂಪು ತುದಿ ಮೇಲೆ. ಆಳ ಬೆರಳಿನ ಒಂದೂವರೆ ಗೆಣ್ಣು. ಎಸಳಿನಿಂದ ಎಸಳಿಗೆ ನಾಲ್ಕು ಬೆರಳು.

ದೊಡ್ಡ ಎಸಳೇ ಯಾಕೆ ಬೇಕು ಎಂಬುದು ಆಮೇಲೆ ತಿಳಿಯಿತು. ಬೆಳ್ಳುಳ್ಳಿ ಬೀಜ ಕಟ್ಟುವುದು ತೀರಾ ಅಪರೂಪ. ಎಸಳೇ ಅದರ ಬೀಜ. ಬೇರು ಬಿಟ್ಟು ಮಣ್ಣಿನಿಂದ ಉಣ್ಣುವ ತನಕ ಮೊಳಕೆಗೆ ಆ ಎಸಳಿನೊಳಗಿನದೇ ಬುತ್ತಿ. ಬುತ್ತಿ ದೊಡ್ಡದಿದ್ದರೆ ಗಿಡ ದಷ್ಟಪುಷ್ಟ, ಗಡ್ಡೆಯೂ ಹಾಗೇ. ಬಾಡಿದ್ದನ್ನು ಹಚ್ಚಿದರೆ ಬಾಡಿದ್ದೇ ಬರುತ್ತದೆ.

ವಾರದಲ್ಲಿ ಹಸಿರು ಸೂಜಿಗಳು ಎದ್ದವು. ಆ ಚಳಿಗಾಲ ಗೋಡೆಯ ಮೇಲಿನ ನಮ್ಮ ಮಾತೆಲ್ಲ ಅವುಗಳದೇ. “ಥಂಡಿ ಬೀಳಲಿ, ಅದಕ್ಕ ಥಂಡಿ ಬೇಕು,” ಎನ್ನುತ್ತಿದ್ದರು ಕಾಕೂ. ಅದು ನಿಜ. ಬೆಳ್ಳುಳ್ಳಿಗೆ ಮೊದಲು ಚಳಿ ಬೇಕು, ಆಮೇಲೆ ಉದ್ದವಾಗುವ ಹಗಲು, ಏರುವ ಬಿಸಿಲು ಬೇಕು. ನಮ್ಮ ಕಡೆ ಅಕ್ಟೋಬರ್-ನವೆಂಬರ್‌ನಲ್ಲಿ ಹಚ್ಚಿದರೆ ಎರಡೂ ಸಿಗುತ್ತವೆ. ಜನವರಿಯಲ್ಲಿ ಎಲೆಯ ಮೇಲೆ ಬೆಳ್ಳನೆಯ ಗೀರುಗಳು ಕಂಡವು, ಥ್ರಿಪ್ಸ್ ನುಸಿಯ ಕೆಲಸ. ಬೇವಿನ ಎಣ್ಣೆ ಬೆರೆಸಿದ ನೀರನ್ನು ಎಲೆಯ ಬುಡಕ್ಕೂ ತಾಗುವಂತೆ ಎರಡು ಸಲ ಸಿಂಪಡಿಸಿದೆ. ನಡುವೆ ಗಿಡಕ್ಕೊಂದರಂತೆ ಎಳೆಯ ಎಲೆ ಚಿವುಟಿ ಜುಣಕಕ್ಕೆ ಹಾಕಿದ್ದೂ ಉಂಟು. ಹೆಚ್ಚು ಚಿವುಟಬಾರದು, ಗಡ್ಡೆ ಸಣ್ಣದಾಗುತ್ತದೆ.

ಅದೇ ಹೊತ್ತಿಗೆ ಪೇಟೆಯಲ್ಲಿ ಬೆಳ್ಳುಳ್ಳಿಯ ದರ ಏರುತ್ತಾ ಹೋಗಿ, 2024ರ ಫೆಬ್ರುವರಿಯಲ್ಲಿ ಕಿಲೋಕ್ಕೆ 400 ರೂಪಾಯಿ ದಾಟಿತು. ದೇಶದ ಬೆಳ್ಳುಳ್ಳಿಯಲ್ಲಿ ಬಹುಪಾಲು ಮಧ್ಯಪ್ರದೇಶದ್ದು. ಅಲ್ಲಿ ಬೆಳೆ ಕೈಕೊಟ್ಟರೆ ನಮ್ಮ ಒಲೆಯ ಮುಂದೆ ಲೆಕ್ಕ ಶುರುವಾಗುತ್ತದೆ. ಹತ್ತು ಎಸಳು ಬೀಳುತ್ತಿದ್ದ ಸಾರಿಗೆ ನಾಲ್ಕು ಬೀಳುತ್ತವೆ. ರಂಜಕ, ಶೇಂಗಾ ಚಟ್ನಿ ಕುಟ್ಟುವ ಮನೆಗಳಿಗೆ ಇದು ಸಣ್ಣ ನೋವಲ್ಲ.

ಮಾರ್ಚ್ ಹೊತ್ತಿಗೆ ಎಲೆ ಹಳದಿಯಾಗಿ ಕುತ್ತಿಗೆ ಬಾಗಿತು. ಕೀಳುವ ಎರಡು ವಾರ ಮೊದಲೇ ನೀರು ನಿಲ್ಲಿಸಿದ್ದೆ. ಹೋಳಿ ಹುಣ್ಣಿಮೆಯ ದಿನ, ಹಚ್ಚಿ ನಾಲ್ಕೂವರೆ ತಿಂಗಳಿಗೆ, ಕಾಕೂ ಗೋಡೆ ಸುತ್ತಿ ನಮ್ಮ ಹಿತ್ತಿಲಿಗೇ ಬಂದರು. ಎಲೆ ಹಿಡಿದು ಎಳೆಯಬಾರದು. ಪಕ್ಕದಿಂದ ಕಳೆ ತೆಗೆಯುವ ಕುರ್ಚಿಗಿ ಹಾಕಿ ಮಣ್ಣು ಸಡಿಲಿಸಿ ಎತ್ತಬೇಕು. ಮೊದಲ ಗಡ್ಡೆ ಕೈಗೆ ಬಂದಾಗ ಬೇರಿಗೆ ಮಣ್ಣು ಅಂಟಿತ್ತು. ಸಿಪ್ಪೆಯ ಮೇಲೆ ನೇರಳೆ ಗೆರೆ, ಮೂಗಿಗೆ ಹಿಡಿದರೆ ತೆಳು ಘಾಟು. 21 ಸಿಕ್ಕವು. ಅವುಗಳಲ್ಲಿ ಮೂರು ಎಸಳಾಗಿ ಒಡೆಯದೆ ದುಂಡಗೆ ಉಳಿದಿದ್ದವು. “ಒಂಟಿ ಗಡ್ಡಿ. ಥಂಡಿ ಸಾಲಲಿಲ್ಲ ಅಂದ್ರ ಹಿಂಗ ಆಗ್ತದ. ಬರೋ ವರ್ಷ ಇವನ್ನ ಹಚ್ಚು, ಎಸಳು ಒಡೀತಾವು,” ಎಂದರು.

ತೊಳೆಯದೆ, ಎಲೆ ಸಮೇತ ಜಡೆ ಹೆಣೆದು, ನೆರಳಿನ ಗಾಳಿಗೆ ಹತ್ತು ದಿನ ತೂಗುಹಾಕಿದೆ. ತೂಗಿದಾಗ ಅರ್ಧ ಕಿಲೋ ಮೇಲೆ ಸ್ವಲ್ಪ ಬಂತು. ವರ್ಷದ ಖರ್ಚಿಗೆ ಅದು ಸಾಲದು. ಆದರೆ ಯುಗಾದಿಯ ಮರುದಿನ ಕುಟ್ಟಾಣಿಯಲ್ಲಿ ಕುಟ್ಟಿದಾಗ ಘಮ ಗೋಡೆ ದಾಟಿತ್ತು. ಇಡೀ ಎಸಳಿಗೆ ಅಂಥ ವಾಸನೆ ಇರುವುದಿಲ್ಲ. ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಅಲಿಸಿನ್ ಎಂಬ ಘಾಟಿನ ಅಂಶ ಹುಟ್ಟಿಸುತ್ತದೆ. ಬಿಸಿ ಎಣ್ಣೆಗೆ ಬಿದ್ದರೆ ಆ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿ ನೋಡಿ, ರುಚಿಯ ಅಂತರ ನಿಮಗೇ ತಿಳಿಯುತ್ತದೆ.

ಜಡೆಯಲ್ಲಿನ ಅತಿ ದೊಡ್ಡ ನಾಲ್ಕು ಗಡ್ಡೆಗಳನ್ನು ನಾನು ಅಡಿಗೆಗೆ ಮುಟ್ಟಲಿಲ್ಲ. ಎರಡು ನಮ್ಮ ಮಡಿಗೆ, ಎರಡು ಕಾಕೂನ ಕುಂಡಗಳಿಗೆ. ಬೀಜ ಕಟ್ಟುವುದೇ ಅಪರೂಪವಾದ ಈ ಗಿಡ ಇಷ್ಟು ಕಾಲ ಉಳಿದಿರುವುದು ಹೀಗೆಯೇ. ಯಾರೋ ಒಬ್ಬರು ಒಳ್ಳೆಯ ಗಡ್ಡೆಯನ್ನು ತಿನ್ನದೆ ಎತ್ತಿಟ್ಟರು, ಇನ್ನೊಬ್ಬರ ಕೈಗೆ ಕೊಟ್ಟರು. ನಮ್ಮ ಒಗ್ಗರಣೆಯ ಎಸಳು ಯಾವುದೋ ಕಾಲದ ರೈತ ಬಚ್ಚಿಟ್ಟ ಎಸಳಿನ ತುಂಡೇ.

ಹಿತ್ತಿಲು ಇಲ್ಲದವರು ಒಂದು ಗೇಣು ಆಳದ, ತಳದಲ್ಲಿ ತೂತಿರುವ, ದಿನಕ್ಕೆ ಆರು ತಾಸು ಬಿಸಿಲು ಬೀಳುವ ಕುಂಡದಲ್ಲಿ ಐದಾರು ಎಸಳು ಹಚ್ಚಬಹುದು. ಈ ದೀಪಾವಳಿಗೆ ಸಂತೆಯಿಂದ ಬೆಳ್ಳುಳ್ಳಿ ತಂದಾಗ ಎಲ್ಲಕ್ಕಿಂತ ದೊಡ್ಡ ಗಡ್ಡೆಯೊಂದನ್ನು ಎತ್ತಿಡಿ. ಅರ್ಧ ನೀವು ಹಚ್ಚಿ, ಅರ್ಧ ಗೋಡೆಯಾಚೆ ಕೊಡಿ.